ಮನೆಯ ಡೆಸ್ಕ್‌ಟಾಪ್‌ಗೆ ಎಂಥ ಎಸ್‌ಎಸ್‌ಡಿ ಕೊಳ್ಳಬೇಕು?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರ್‌ಗೆ ಏಳು ವರ್ಷ ತುಂಬಿದೆ. ಅದರಲ್ಲಿ 1 ಟಿಬಿ ಹಾರ್ಡ್ ಡಿಸ್ಕ್, 8 ಜಿಬಿ ರ್‍ಯಾಮ್ ಇವೆ. ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ನಾಲ್ಕೈದು ನಿಮಿಷ ಹಿಡಿಯುತ್ತದೆ. ಎಸ್‌ಎಸ್‌ಡಿ ಹಾಕಿಸಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸಾಟಾ, ಎನ್‌ವಿಎಂಇ, ಜೆನ್ 3, ಜೆನ್ 4, ಟಿಎಲ್‌ಸಿ, ಕ್ಯೂಎಲ್‌ಸಿ ಎಂದೆಲ್ಲ ಓದಿ ತಲೆ ಕೆಟ್ಟುಹೋಗಿದೆ. ನಮ್ಮ ಬಳಕೆ ಬ್ರೌಸರ್, ಕಚೇರಿಯ ಕಡತಗಳು, ಮಕ್ಕಳ ಆನ್‌ಲೈನ್ ಪಾಠ, ಮನೆಯವರ ಫೋಟೊ ಮತ್ತು ವಿಡಿಯೊಗಳು, ಆಗೊಮ್ಮೆ ಈಗೊಮ್ಮೆ ಒಂದು ಆಟ. ಯಾವುದನ್ನು ಕೊಳ್ಳಬೇಕು? ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎನ್ನುವುದು ನಿಜವೇ?

ಉತ್ತರ: ಡಬ್ಬಿಯ ಮೇಲೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವ ವೇಗದ ಅಂಕಿಯನ್ನು ನೀವು ಎಲ್ಲಕ್ಕಿಂತ ಕೊನೆಗೆ ನೋಡಿದರೆ ಸಾಕು. ನಿಮ್ಮ ಕಂಪ್ಯೂಟರಿನ ನಿಧಾನಕ್ಕೆ ಕಾರಣವೇನೆಂದು ತಿಳಿದರೆ ಈ ಮಾತು ತಾನಾಗಿ ಸ್ಪಷ್ಟವಾಗುತ್ತದೆ.

ವಿಂಡೋಸ್ ಶುರುವಾಗುವಾಗ ಒಂದೇ ದೊಡ್ಡ ಕಡತವನ್ನು ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ಡಿಸ್ಕಿನ ಉದ್ದಗಲಕ್ಕೂ ಚದುರಿರುವ ಸಾವಿರಾರು ಸಣ್ಣ ತುಣುಕುಗಳನ್ನು ಹುಡುಕಿ ಓದುತ್ತದೆ. ಹಾರ್ಡ್ ಡಿಸ್ಕ್ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು, ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರರ್ಧ ಕಾಯಬೇಕು, ಮುಳ್ಳು ಸರಿಯಾದ ವೃತ್ತಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಹೋಗುತ್ತದೆ. ಹಾಗಾಗಿ ಚದುರಿದ ತುಣುಕುಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಓದಿ ಕೊಡಬಲ್ಲದು. ಫ್ಲ್ಯಾಶ್ ಎಂಬ ಮೆಮೊರಿ ಚಿಪ್‌ಗಳಲ್ಲಿ ಕಡತಗಳನ್ನು ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಅದೇ ತುಣುಕನ್ನು ಅದು ಸುಮಾರು 0.1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಸಮಯದಲ್ಲಿ ಕೊಡುತ್ತದೆ. ದೊಡ್ಡ ಕಡತವೊಂದನ್ನು ಸಾಲಾಗಿ ಓದುವುದರಲ್ಲಿ ಹಾರ್ಡ್ ಡಿಸ್ಕಿಗೂ, ಅದರಂತೆಯೇ ಸಾಟಾ ಎಂಬ ಸಂಪರ್ಕವನ್ನು ಬಳಸುವ ಸಾಧಾರಣ ಎಸ್‌ಎಸ್‌ಡಿಗೂ ಇರುವ ಅಂತರ ಮೂರು ಪಟ್ಟು ಮಾತ್ರ. ಚದುರಿದ ಓದಿನಲ್ಲಿ ಆ ಅಂತರ ನೂರು ಪಟ್ಟು ಮೀರುತ್ತದೆ. ನಿಮ್ಮ ನಾಲ್ಕೈದು ನಿಮಿಷ ಅರ್ಧ ನಿಮಿಷದೊಳಕ್ಕೆ ಇಳಿಯುವುದು ಈ ಎರಡನೆಯ ಕಾರಣದಿಂದ, ಮತ್ತು ಆ ಲಾಭವನ್ನು ಮಾರುಕಟ್ಟೆಯಲ್ಲಿರುವ ಅತಿ ಸಾಮಾನ್ಯ ಎಸ್‌ಎಸ್‌ಡಿಯೂ ಕೊಡುತ್ತದೆ.

ಇನ್ನು ಎಸ್‌ಎಸ್‌ಡಿಗಳ ನಡುವಿನ ಪೈಪೋಟಿ. ಸಾಟಾ ಸಂಪರ್ಕದ ಗರಿಷ್ಠ ವೇಗ ಸೆಕೆಂಡಿಗೆ 6 ಗಿಗಾಬಿಟ್ ಆದ್ದರಿಂದ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿಯ ಹತ್ತಿರ ನಿಲ್ಲುತ್ತದೆ. ಗ್ರಾಫಿಕ್ಸ್ ಕಾರ್ಡ್ ಬಳಸುವಂಥ ಪಿಸಿಐಇ ಎಂಬ ವೇಗದ ದಾರಿಯನ್ನು ಬಳಸುವ ಎನ್‌ವಿಎಂಇ ಎಸ್‌ಎಸ್‌ಡಿಗಳು ಮೂರನೆಯ ಪೀಳಿಗೆಯಲ್ಲಿ, ಅಂದರೆ ಜೆನ್ 3ರಲ್ಲಿ, 3,500 ಎಂಬಿ, ಜೆನ್ 4ರಲ್ಲಿ 7,000 ಎಂಬಿ, ಜೆನ್ 5ರಲ್ಲಿ 14,000 ಎಂಬಿಯವರೆಗೂ ಹೋಗುತ್ತವೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಅವು ದೊಡ್ಡ ಕಡತಗಳನ್ನು, ಅನೇಕ ಕೋರಿಕೆಗಳನ್ನು ಒಟ್ಟಿಗೆ ಮುಂದಿಟ್ಟು, ಸಾಲಾಗಿ ಓದಿದಾಗ ಸಿಗುವ ಅಂಕಿಗಳು. ಒಂದಾದ ಮೇಲೊಂದರಂತೆ 4 ಕೆಬಿಯ ತುಣುಕುಗಳನ್ನು ಓದುವ ಪರೀಕ್ಷೆಯಲ್ಲಿ, ಮನೆಯ ಬಳಕೆಗೆ ಅದೇ ಹೆಚ್ಚು ಹತ್ತಿರದ್ದು, ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 30ರಿಂದ 40 ಎಂಬಿ ಕೊಟ್ಟರೆ ಒಳ್ಳೆಯ ಎನ್‌ವಿಎಂಇ 60ರಿಂದ 90 ಎಂಬಿ ಕೊಡುತ್ತದೆ. ಡಬ್ಬಿಯ ಮೇಲಿನ ಹದಿಮೂರು ಪಟ್ಟು ಇಲ್ಲಿ ಎರಡು ಪಟ್ಟಿಗೆ ಕುಗ್ಗಿತು. ಬ್ರೌಸರ್ ತೆರೆಯುವುದು, ಪತ್ರ ಬರೆಯುವುದು, ಪಾಠ ನೋಡುವುದು ಇಂಥ ಕೆಲಸಗಳಲ್ಲಿ ಆ ಎರಡು ಪಟ್ಟೂ ಕಣ್ಣಿಗೆ ಕಾಣುವುದು ಕಷ್ಟ, ಏಕೆಂದರೆ ಅಷ್ಟು ಹೊತ್ತಿಗೆ ಪ್ರೊಸೆಸರ್ ತಾನೇ ಹಿಂದೆ ಬಿದ್ದಿರುತ್ತದೆ. ನೂರಾರು ಜಿಬಿಯ ವಿಡಿಯೊ ಕಡತಗಳನ್ನು ದಿನವೂ ಅತ್ತಿಂದಿತ್ತ ಸಾಗಿಸುವವರ ಮಾತು ಬೇರೆ. ನೀವು ಕೊಟ್ಟಿರುವ ಬಳಕೆಯ ಪಟ್ಟಿಯಲ್ಲಿ ಅಂಥದ್ದೇನೂ ಇಲ್ಲ.

ಹಾಗಿದ್ದರೂ ಎನ್‌ವಿಎಂಇಯನ್ನೇ ಕೊಳ್ಳಿ ಎಂದು ಹಲವರು ಹೇಳುವುದಕ್ಕೆ ಕಾರಣವಿದೆ. ಈಗ ಎರಡರ ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಹೊಸ ಮಾದರಿಗಳು ಬಹುತೇಕ ಎನ್‌ವಿಎಂಇಯಲ್ಲೇ ಬರುತ್ತಿವೆ, ಮುಂದೆ ಹೊಸ ಕಂಪ್ಯೂಟರ್ ಕೊಂಡಾಗ ಅದೇ ಎಸ್‌ಎಸ್‌ಡಿಯನ್ನು ಅಲ್ಲಿಗೆ ಸಾಗಿಸಬಹುದು. ನಿಮ್ಮ ಕಂಪ್ಯೂಟರಿನ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್, ಒಪ್ಪುವುದಾದರೆ ಅದೇ ಸರಿ. ಒಪ್ಪುತ್ತದೆಯೇ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ತಿಳಿದುಕೊಳ್ಳಬೇಕು.

ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ತಂತಿ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ನೋಡಿ. ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಭಾಗದಲ್ಲಿ, ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನ ಆಸುಪಾಸಿನಲ್ಲಿ, ಬೋರ್ಡಿಗೆ ಅಂಟಿದಂತೆ ಮಲಗಿರುವ, ಎರಡು ಬೆರಳಗಲದ ಒಂದು ಸಣ್ಣ ಸ್ಲಾಟ್ ಕಾಣಬಹುದು. ಅದರ ಮುಂದೆ ಸಾಲಾಗಿ ಮೂರ್ನಾಲ್ಕು ಸ್ಕ್ರೂ ತೂತುಗಳಿದ್ದು ಅವುಗಳ ಪಕ್ಕದಲ್ಲಿ 2242, 2260, 2280 ಎಂಬ ಅಂಕಿಗಳು ಅಚ್ಚಾಗಿರುತ್ತವೆ. ಅದೇ ಎಂ.2 ಸ್ಲಾಟ್. ಆ ಅಂಕಿಗಳು ಎಸ್‌ಎಸ್‌ಡಿಯ ಅಳತೆಯನ್ನು ಹೇಳುತ್ತವೆ: 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಡೆಸ್ಕ್‌ಟಾಪಿಗೆ ಸಾಮಾನ್ಯವಾಗಿ ಕೊಳ್ಳುವುದು ಈ ಅಳತೆಯದನ್ನೇ. ಕೆಲವು ಬೋರ್ಡುಗಳಲ್ಲಿ ಸ್ಲಾಟಿನ ಮೇಲೆ ಲೋಹದ ಪಟ್ಟಿ ಮುಚ್ಚಿರುವುದರಿಂದ ಸ್ಲಾಟ್ ಇದ್ದೂ ಕಾಣದಿರಬಹುದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಎಂ.2 ಎನ್ನುವುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಅದೇ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸ್ಲಾಟುಗಳಲ್ಲೂ ಸಾಟಾವನ್ನು ಮಾತ್ರ ಒಪ್ಪುವವು, ಎನ್‌ವಿಎಂಇಯನ್ನು ಮಾತ್ರ ಒಪ್ಪುವವು, ಎರಡನ್ನೂ ಒಪ್ಪುವವು ಎಂಬ ಮೂರು ಬಗೆಗಳಿವೆ. ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚು ಇದ್ದರೆ ಎನ್‌ವಿಎಂಇ, ಎರಡು ಕಚ್ಚು ಇದ್ದರೆ ಸಾಟಾ ಎಂಬ ಗುರುತು ಬಹುತೇಕ ಸರಿಯಾದರೂ ಎರಡು ಕಚ್ಚಿನ ಎನ್‌ವಿಎಂಇಗಳೂ ಇರುವುದರಿಂದ ಅದನ್ನೇ ನೆಚ್ಚಿಕೊಳ್ಳಬಾರದು. ಮದರ್‌ಬೋರ್ಡಿನ ಮಾದರಿ ಸಂಖ್ಯೆಯನ್ನು ಗುರುತು ಮಾಡಿಕೊಂಡು, ತಯಾರಕರ ತಾಣದಿಂದ ಅದರ ಕೈಪಿಡಿಯನ್ನು ಇಳಿಸಿಕೊಂಡು, ಸಂಗ್ರಹದ ಬಗೆಗಿನ ಪುಟವನ್ನು ಓದಿ. ಬೋರ್ಡಿನ ಮೇಲೆ ಸಂಖ್ಯೆ ಕಾಣದಿದ್ದರೆ ವಿಂಡೋಸಿನ ಸಿಸ್ಟಮ್ ಇನ್ಫರ್ಮೇಷನ್ ಕಿಟಕಿಯಲ್ಲಿ ಬೇಸ್‌ಬೋರ್ಡ್ ಎಂಬ ಸಾಲಿನಲ್ಲಿ ಸಿಗುತ್ತದೆ. ಅದೇ ಪುಟದಲ್ಲಿ ಅಡಿಟಿಪ್ಪಣಿಯಂತೆ ಇನ್ನೊಂದು ವಿಷಯವೂ ಇರಬಹುದು: ಎಂ.2 ಸ್ಲಾಟ್ ಬಳಸಿದರೆ ಇಂತಿಂಥ ಸಾಟಾ ಪೋರ್ಟುಗಳು ಕೆಲಸ ಮಾಡುವುದಿಲ್ಲ ಎಂದು. ಎಸ್‌ಎಸ್‌ಡಿ ಹಾಕಿದ ಕೂಡಲೇ ಹಳೆಯ ಹಾರ್ಡ್ ಡಿಸ್ಕ್ ಮಾಯವಾಯಿತು ಎಂದು ಗಾಬರಿಯಾಗುವವರ ಕಥೆ ಸಾಮಾನ್ಯವಾಗಿ ಇಷ್ಟೇ. ಹಾರ್ಡ್ ಡಿಸ್ಕಿನ ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಿದರೆ ಅದು ಮರಳಿ ಬರುತ್ತದೆ.

ಏಳು ವರ್ಷದ ಬೋರ್ಡಿನಲ್ಲಿ ಎನ್‌ವಿಎಂಇ ಒಪ್ಪುವ ಒಂದು ಎಂ.2 ಸ್ಲಾಟ್ ಇರುವ ಸಂಭವ ಹೆಚ್ಚು, ಆದರೆ ಅದು ಜೆನ್ 3ರದಾಗಿರುತ್ತದೆ. ಮನೆಬಳಕೆಯ ಬೋರ್ಡುಗಳಿಗೆ ಜೆನ್ 4 ಬಂದದ್ದೇ 2019ರಲ್ಲಿ, ಎಎಂಡಿಯ ಎಕ್ಸ್570 ಚಿಪ್‌ಸೆಟ್ಟಿನೊಡನೆ; ಇಂಟೆಲ್ ಡೆಸ್ಕ್‌ಟಾಪುಗಳಿಗೆ ಅದು 2021ರಲ್ಲಿ ಹನ್ನೊಂದನೆಯ ಪೀಳಿಗೆಯ ಪ್ರೊಸೆಸರ್‌ಗಳೊಡನೆ ಬಂತು. ಇದರಿಂದ ತೊಂದರೆಯೇನಿಲ್ಲ. ಜೆನ್ 4 ಎಸ್‌ಎಸ್‌ಡಿಯನ್ನು ಜೆನ್ 3 ಸ್ಲಾಟಿಗೆ ಹಾಕಿದರೆ ಅದು ಜೆನ್ 3 ವೇಗದಲ್ಲಿ ಸುಮ್ಮನೆ ಕೆಲಸ ಮಾಡುತ್ತದೆ. ಜೆನ್ 5 ಮಾತ್ರ ನಿಮ್ಮ ಮಟ್ಟಿಗೆ ಬೇಡ. ಅದಕ್ಕೆ ಕೊಡುವ ಹೆಚ್ಚಿನ ಹಣ ನಿಮ್ಮ ಸ್ಲಾಟಿನಲ್ಲಿ ಪೂರ್ತಿ ವ್ಯರ್ಥ, ಜೊತೆಗೆ ಅವುಗಳಲ್ಲಿ ಹಲವು ಶಾಖವನ್ನು ಹೊರಹಾಕುವ ದಪ್ಪ ಲೋಹದ ಹೀಟ್‌ಸಿಂಕ್ ಇಲ್ಲದೆ ಬಿಸಿಯೇರಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ.

ಎಂ.2 ಸ್ಲಾಟ್ ಇಲ್ಲವೇ ಇಲ್ಲ ಎಂದಾದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೊಳ್ಳಿ, ಅದರಲ್ಲಿ ಸಂಕೋಚಪಡುವಂಥದ್ದೇನಿಲ್ಲ. ಅದಕ್ಕೆ ಬೇಕಾದ ಸಾಟಾ ಡೇಟಾ ಕೇಬಲ್ ಎಸ್‌ಎಸ್‌ಡಿಯ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಪ್ರತ್ಯೇಕವಾಗಿ ಕೊಳ್ಳಬೇಕು; ಪವರ್ ಸಪ್ಲೈಯಿಂದ ಬರುವ ತಂತಿಯಲ್ಲಿ ಇನ್ನೊಂದು ಸಾಟಾ ತುದಿ ಖಾಲಿ ಇದೆಯೇ ಎಂದೂ ನೋಡಿಕೊಳ್ಳಿ. ಪಿಸಿಐಇ ಸ್ಲಾಟಿಗೆ ಚುಚ್ಚುವ ಅಡಾಪ್ಟರ್ ಕಾರ್ಡಿನ ಮೇಲೆ ಎನ್‌ವಿಎಂಇಯನ್ನು ಕೂರಿಸುವ ದಾರಿಯೂ ಇದೆ. ಆದರೆ ಕಂಪ್ಯೂಟರನ್ನು ಶುರುಮಾಡುವ ಬೋರ್ಡಿನ ತಂತ್ರಾಂಶವಾದ ಬಯಾಸ್‌ಗೆ ಎನ್‌ವಿಎಂಇಯ ಪರಿಚಯವಿಲ್ಲದಿದ್ದರೆ ಅದರಿಂದ ವಿಂಡೋಸ್ ಶುರುವಾಗುವುದಿಲ್ಲ. ತೀರ ಹಳೆಯ ಬೋರ್ಡುಗಳಲ್ಲಿ ಈ ಸಾಹಸಕ್ಕೆ ಕೈಹಾಕದಿರುವುದು ಒಳ್ಳೆಯದು.

ಸಾಮರ್ಥ್ಯದ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಹಣ ಹೆಚ್ಚು ಹಾಕುವುದಾದರೆ ವೇಗಕ್ಕಲ್ಲ, ಜಾಗಕ್ಕೆ ಹಾಕಿ. 1 ಟಿಬಿ ಎಂದು ಕೊಂಡದ್ದು ವಿಂಡೋಸಿನಲ್ಲಿ 931 ಜಿಬಿ ಎಂದು ಕಾಣುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಯಾರೂ ಮೋಸ ಮಾಡಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಜಾಗ ಬೇಕೆಂದು ಮೈಕ್ರೋಸಾಫ್ಟ್ ಹೇಳುತ್ತದೆ, ಆದರೆ ಅಪ್‌ಡೇಟ್‌ಗಳು, ತಂತ್ರಾಂಶಗಳು, ಬ್ರೌಸರಿನ ತಾತ್ಕಾಲಿಕ ಕಡತಗಳು ಸೇರಿದರೆ ಅದು ಬೇಗ ಬೆಳೆಯುತ್ತದೆ. ಹೊಸ ದೊಡ್ಡ ಆಟವೊಂದೇ 100 ಜಿಬಿ ನುಂಗುವುದುಂಟು. 256 ಜಿಬಿಯದನ್ನು ಕೊಂಡವರು ಬೇಗನೆ ಏನನ್ನು ಅಳಿಸಲಿ ಎಂದು ಹುಡುಕುತ್ತಿರುತ್ತಾರೆ. ಎಸ್‌ಎಸ್‌ಡಿ ತುಂಬುತ್ತಾ ಬಂದಂತೆ ಬರೆಯುವ ವೇಗವೂ ಕುಸಿಯುವುದರಿಂದ ಹತ್ತರಿಂದ ಇಪ್ಪತ್ತು ಪ್ರತಿಶತ ಜಾಗವನ್ನು ಸದಾ ಖಾಲಿ ಬಿಡಬೇಕು. ಇದಲ್ಲದೆ ಒಂದೇ ಮಾದರಿಯ ಚಿಕ್ಕ ಎಸ್‌ಎಸ್‌ಡಿಗಿಂತ ದೊಡ್ಡದು ಬರೆಯುವುದರಲ್ಲಿ ಚುರುಕು, ಏಕೆಂದರೆ ಅದರಲ್ಲಿ ಏಕಕಾಲಕ್ಕೆ ದುಡಿಯುವ ಫ್ಲ್ಯಾಶ್ ತುಣುಕುಗಳು ಹೆಚ್ಚು. ಅದರ ಬಾಳಿಕೆಯೂ ಹೆಚ್ಚು. ನಿಮ್ಮ ಮನೆಗೆ 1 ಟಿಬಿ ಸರಿಯಾದ ಅಳತೆ. ಫೋಟೊ, ವಿಡಿಯೊಗಳನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲೇ ಬಿಡುವುದಾದರೆ 500 ಜಿಬಿಯೂ ನಡೆಯುತ್ತದೆ, ಅದಕ್ಕಿಂತ ಕೆಳಗೆ ಇಳಿಯಬೇಡಿ.

ಈಗ ಟಿಎಲ್‌ಸಿ, ಕ್ಯೂಎಲ್‌ಸಿಗಳ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಡಬ್ಬಿಯ ಮೇಲೆ ಬರೆಯದೆ ಬಿಡುವ ಸಂಗತಿಗಳಲ್ಲಿ ಇದೇ ಮುಖ್ಯವಾದದ್ದು. ಫ್ಲ್ಯಾಶ್ ಮೆಮೊರಿಯ ಪ್ರತಿಯೊಂದು ಕೋಶವೂ ಒಂದಿಷ್ಟು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೋಶವೊಂದರಲ್ಲಿ ಒಂದೇ ಬಿಟ್ ಇಡುವುದಾದರೆ ಎರಡು ಮಟ್ಟಗಳನ್ನು ಗುರುತಿಸಿದರೆ ಸಾಕು. ಟಿಎಲ್‌ಸಿಯಲ್ಲಿ ಮೂರು ಬಿಟ್ ಇಡುತ್ತಾರೆ, ಆಗ ಎಂಟು ಮಟ್ಟಗಳು ಬೇಕಾಗುತ್ತವೆ. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, ಹದಿನಾರು ಮಟ್ಟಗಳು. ಮಟ್ಟಗಳು ಒತ್ತೊತ್ತಾದಷ್ಟೂ ಪ್ರತಿಯೊಂದನ್ನೂ ನಾಜೂಕಾಗಿ, ನಿಧಾನವಾಗಿ ಬರೆಯಬೇಕು, ಮತ್ತು ಕೋಶ ಸವೆದು ಆವೇಶ ಸ್ವಲ್ಪ ಜಾರಿದರೂ ಪಕ್ಕದ ಮಟ್ಟದೊಡನೆ ಕಲೆಸಿಹೋಗುತ್ತದೆ. ಕ್ಯೂಎಲ್‌ಸಿ ಅಗ್ಗವಾಗಿರುವುದಕ್ಕೂ, ನಿಧಾನವಾಗಿರುವುದಕ್ಕೂ, ಬೇಗ ಸವೆಯುವುದಕ್ಕೂ ಕಾರಣ ಇದೊಂದೇ.

ಈ ನಿಧಾನವನ್ನು ಮರೆಮಾಚಲು ತಯಾರಕರು ಖಾಲಿ ಜಾಗದ ಒಂದು ಭಾಗವನ್ನು ತಾತ್ಕಾಲಿಕವಾಗಿ ಕೋಶಕ್ಕೊಂದೇ ಬಿಟ್‌ನಂತೆ ಬಳಸಿಕೊಳ್ಳುತ್ತಾರೆ. ಬಂದ ದತ್ತಾಂಶವನ್ನು ಮೊದಲು ಅಲ್ಲಿಗೆ ವೇಗವಾಗಿ ಬರೆದುಕೊಂಡು, ಬಿಡುವಾದಾಗ ಎಸ್‌ಎಸ್‌ಡಿ ತಾನೇ ಅದನ್ನು ಮೂರು ಅಥವಾ ನಾಲ್ಕು ಬಿಟ್‌ಗಳ ಕೋಶಗಳಿಗೆ ಒತ್ತಿ ತುಂಬುತ್ತದೆ. ಮನೆಯ ಕೆಲಸದಲ್ಲಿ ಈ ಉಪಾಯ ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ. ಆದರೆ ಅರ್ಧಕ್ಕಿಂತ ಹೆಚ್ಚು ತುಂಬಿರುವ ಕ್ಯೂಎಲ್‌ಸಿ ಎಸ್‌ಎಸ್‌ಡಿಗೆ 200 ಜಿಬಿಯ ವಿಡಿಯೊ ಸಂಗ್ರಹವನ್ನು ಒಮ್ಮೆಲೇ ನಕಲು ಮಾಡಿ ನೋಡಿ. ವಿಂಡೋಸ್ ತೋರಿಸುವ ಹಸಿರು ನಕ್ಷೆ ಮೊದಲ ಕೆಲವು ನಿಮಿಷ ಎತ್ತರದಲ್ಲಿ ಸಮವಾಗಿ ಸಾಗುತ್ತದೆ, ಆಮೇಲೆ ಒಮ್ಮೆಗೇ ಪಾತಾಳಕ್ಕೆ ಬಿದ್ದು ಅಲ್ಲೇ ತೆವಳುತ್ತದೆ. ಸ್ಯಾಮ್‌ಸಂಗ್‌ನ 870 ಕ್ಯೂವಿಒ ಎಂಬ ಸಾಟಾ ಮಾದರಿಯ 1 ಟಿಬಿ ಆವೃತ್ತಿ ಈ ತಾತ್ಕಾಲಿಕ ಜಾಗ ಮುಗಿದ ಮೇಲೆ ಸೆಕೆಂಡಿಗೆ 80 ಎಂಬಿಯಷ್ಟೇ ಬರೆಯುತ್ತದೆ ಎಂದು ಕಂಪನಿಯ ವಿವರಪತ್ರವೇ ಪ್ರಾಮಾಣಿಕವಾಗಿ ಹೇಳುತ್ತದೆ. ಅದು ನಿಮ್ಮ ಈಗಿನ ಹಾರ್ಡ್ ಡಿಸ್ಕಿಗಿಂತಲೂ ಕಡಿಮೆ. ಆದ್ದರಿಂದ ವಿಂಡೋಸ್ ಇರುವ ಮುಖ್ಯ ಎಸ್‌ಎಸ್‌ಡಿಗೆ ಟಿಎಲ್‌ಸಿಯನ್ನೇ ಆರಿಸಿ. ಒಮ್ಮೆ ಬರೆದು ಹಲವು ಬಾರಿ ಓದುವ ಆಟಗಳಿಗೋ ಸಿನಿಮಾಗಳಿಗೋ ಎರಡನೆಯ ಎಸ್‌ಎಸ್‌ಡಿ ಕೊಳ್ಳುವ ದಿನ ಬಂದರೆ ಆಗ ಕ್ಯೂಎಲ್‌ಸಿಯನ್ನು ಧಾರಾಳವಾಗಿ ಪರಿಗಣಿಸಬಹುದು.

ಇದರ ಜೊತೆಗೆ ಕೇಳಿಬರುವ ಇನ್ನೊಂದು ಪದ, ಎಸ್‌ಎಸ್‌ಡಿಯ ಸ್ವಂತ ವೇಗದ ಮೆಮೊರಿಯ ಹೆಸರು, ಡಿರ್‍ಯಾಮ್. ಕಂಪ್ಯೂಟರ್ ಕೇಳುವ ವಿಳಾಸಕ್ಕೂ ಫ್ಲ್ಯಾಶ್‌ನಲ್ಲಿ ದತ್ತಾಂಶ ನಿಜವಾಗಿ ಇರುವ ಜಾಗಕ್ಕೂ ನಂಟು ಕಲ್ಪಿಸುವ ಒಂದು ಪಟ್ಟಿಯನ್ನು, ಪುಸ್ತಕದ ಕೊನೆಯ ಪದಸೂಚಿಯಂತೆ, ಎಸ್‌ಎಸ್‌ಡಿಯನ್ನು ನಡೆಸುವ ಕಂಟ್ರೋಲರ್ ಚಿಪ್ ಸದಾ ನೋಡುತ್ತಿರಬೇಕು. 1 ಟಿಬಿ ಎಸ್‌ಎಸ್‌ಡಿಗೆ ಈ ಪಟ್ಟಿ ಸುಮಾರು 1 ಜಿಬಿ ದೊಡ್ಡದಿರುತ್ತದೆ. ಎಸ್‌ಎಸ್‌ಡಿಯ ಮೇಲೆಯೇ ಡಿರ್‍ಯಾಮ್ ಚಿಪ್ ಇದ್ದರೆ ಪಟ್ಟಿ ಅಲ್ಲಿ ಕೂರುತ್ತದೆ. ಇಲ್ಲದಿದ್ದರೆ ಕಂಟ್ರೋಲರ್ ಮತ್ತೆ ಮತ್ತೆ ನಿಧಾನವಾದ ಫ್ಲ್ಯಾಶ್‌ಗೇ ಹೋಗಿ ಓದಬೇಕಾಗುತ್ತದೆ. ಎನ್‌ವಿಎಂಇಗಳಿಗೆ ಈ ತೊಂದರೆಗೆ ಪರಿಹಾರವಿದೆ: ಅವು ಕಂಪ್ಯೂಟರಿನ ರ್‍ಯಾಮ್‌ನಲ್ಲಿ ಸಣ್ಣದೊಂದು ಭಾಗವನ್ನು, ಸಾಮಾನ್ಯವಾಗಿ 64 ಎಂಬಿಯ ಆಸುಪಾಸಿನಷ್ಟನ್ನು, ಎರವಲು ಪಡೆಯುತ್ತವೆ. ಎಚ್‌ಎಂಬಿ ಎಂದು ಕರೆಯುವುದು ಇದನ್ನೇ. ಸಾಟಾದಲ್ಲಿ ಈ ಎರವಲಿಗೆ ಅವಕಾಶವಿಲ್ಲ. ಹೀಗಾಗಿ ಎನ್‌ವಿಎಂಇ ಕೊಳ್ಳುವುದಾದರೆ ಡಿರ್‍ಯಾಮ್ ಇಲ್ಲದ ಒಳ್ಳೆಯ ಮಾದರಿ ನಿಮಗೆ ಸಾಕು, ಸಾಟಾ ಕೊಳ್ಳುವುದಾದರೆ ಮಾತ್ರ ಡಿರ್‍ಯಾಮ್ ಇರುವುದನ್ನೇ ಹುಡುಕಿ.

ಸವೆತದ ಬಗ್ಗೆ ನೀವು ಕೇಳಿದ ಪ್ರಶ್ನೆಗೆ ಬರೋಣ. ಸವೆಯುವುದು ನಿಜ, ನಿಮ್ಮ ಮನೆಯಲ್ಲಿ ಅದು ಚಿಂತೆಯ ವಿಷಯವಾಗುವುದು ನಿಜವಲ್ಲ. ಎಸ್‌ಎಸ್‌ಡಿಯ ವಿವರಪತ್ರದಲ್ಲಿ ಟಿಬಿಡಬ್ಲ್ಯು ಎಂಬ ಅಂಕಿ ಇರುತ್ತದೆ. ವಾರಂಟಿಯ ಅವಧಿಯಲ್ಲಿ ಒಟ್ಟು ಎಷ್ಟು ಟಿಬಿಯಷ್ಟು ಬರೆಯಬಹುದು ಎಂಬುದನ್ನು ಅದು ಹೇಳುತ್ತದೆ. ಸ್ಯಾಮ್‌ಸಂಗ್ 870 ಇವಿಒ, 990 ಪ್ರೊ ಮಾದರಿಗಳ 1 ಟಿಬಿ ಆವೃತ್ತಿಗೆ ಅದು 600. ಕ್ಯೂಎಲ್‌ಸಿ ಬಳಸುವ ಕ್ರೂಶಿಯಲ್ ಪಿ3ಯ 1 ಟಿಬಿ ಆವೃತ್ತಿಗೆ 220. ನಿಮ್ಮ ಮನೆಯಲ್ಲಿ ದಿನಕ್ಕೆ 20 ಜಿಬಿ ಬರೆಯುತ್ತೀರಿ ಎಂದು ಕೈಬಿಚ್ಚಿಯೇ ಲೆಕ್ಕ ಹಾಕಿದರೂ ವರ್ಷಕ್ಕೆ 7.3 ಟಿಬಿ ಆಗುತ್ತದೆ. 600 ಟಿಬಿಗೆ ಎಂಬತ್ತು ವರ್ಷ ಮೀರುತ್ತದೆ, 220ಕ್ಕೂ ಮೂವತ್ತು ವರ್ಷ ಹಿಡಿಯುತ್ತದೆ. ಅಷ್ಟರೊಳಗೆ ಕಂಪ್ಯೂಟರಿನಲ್ಲಿ ಬೇರೆ ಏನೇನು ಉಳಿದಿರುತ್ತದೋ! ಆದ್ದರಿಂದ ಸವೆತ ತಪ್ಪಿಸಲು ರ್‍ಯಾಮ್ ಸಾಲದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಎಂಬ ಕಡತವನ್ನು ನಿಲ್ಲಿಸಿ, ಬ್ರೌಸರಿನ ತಾತ್ಕಾಲಿಕ ಕಡತಗಳನ್ನು ಹಾರ್ಡ್ ಡಿಸ್ಕಿಗೆ ಸಾಗಿಸಿ ಎಂಬ ಹಳೆಯ ಸಲಹೆಗಳನ್ನು ಮರೆತುಬಿಡಿ. ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆ ಎಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆಯನ್ನು ವಿಂಡೋಸ್ 7ರಿಂದಲೇ ವಿಂಡೋಸ್ ತಾನಾಗಿ ಕಳಿಸುತ್ತದೆ, ನೀವು ಮಾಡಬೇಕಾದ್ದೇನೂ ಇಲ್ಲ.

ಎಸ್‌ಎಸ್‌ಡಿಗಳು ಕೆಡುವುದು ಬೇರೆ ಬಗೆಯಲ್ಲಿ. ಕಂಟ್ರೋಲರ್ ಚಿಪ್ ಹೋಗುತ್ತದೆ, ಎಸ್‌ಎಸ್‌ಡಿಯೊಳಗಿನ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲಿ ದೋಷವಿರುತ್ತದೆ, ಬರೆಯುತ್ತಿರುವಾಗ ವಿದ್ಯುತ್ ಕಡಿದು ಒಳಗಿನ ಪಟ್ಟಿ ಅಸ್ತವ್ಯಸ್ತವಾಗುತ್ತದೆ. ಹಾರ್ಡ್ ಡಿಸ್ಕ್ ಎಷ್ಟೋ ಬಾರಿ ಕಟಕಟ ಸದ್ದು ಮಾಡಿ, ನಿಧಾನವಾಗಿ, ಹೋಗುತ್ತೇನೆ ಎಂದು ಸೂಚನೆ ಕೊಟ್ಟು ಹೋಗುತ್ತದೆ. ಎಸ್‌ಎಸ್‌ಡಿ ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಬಯಾಸ್‌ನಲ್ಲಿ ಕಾಣಿಸದೇ ಹೋಗಬಹುದು. ಕೆಟ್ಟ ಮೇಲೆ ಅದರೊಳಗಿನ ಕಡತಗಳನ್ನು ಹೊರತೆಗೆಯುವುದು ಹಾರ್ಡ್ ಡಿಸ್ಕಿಗಿಂತ ಕಷ್ಟ, ಟ್ರಿಮ್ ಇರುವುದರಿಂದ ಕೈತಪ್ಪಿ ಅಳಿಸಿದ್ದು ಮರಳಿ ಸಿಗುವುದೂ ಅಪರೂಪ. ಮನೆಯ ಫೋಟೊಗಳ ಇನ್ನೊಂದು ಪ್ರತಿ ಬೇರೆಡೆ ಇರಲೇಬೇಕು. ಆ ಪ್ರತಿಯನ್ನು ಎಸ್‌ಎಸ್‌ಡಿಯಲ್ಲಿಟ್ಟು ಕಪಾಟಿನಲ್ಲಿ ವರ್ಷಗಟ್ಟಲೆ ಮರೆತುಬಿಡುವುದೂ ಸರಿಯಲ್ಲ. ಮೆಮೊರಿ ಚಿಪ್‌ಗಳಿಗೆ ನಿಯಮ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡದ ಪ್ರಕಾರ, ಬಾಳಿಕೆಯ ಮಿತಿಯನ್ನು ತಲುಪಿದ ಮನೆಬಳಕೆಯ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ದತ್ತಾಂಶವನ್ನು ಉಳಿಸಿಕೊಂಡರೆ ಸಾಕು. ಹೊಸದು ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೂ ಕಪಾಟಿನಲ್ಲಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ಮೇಲು.

ಫರ್ಮ್‌ವೇರ್ ವಿಷಯ ಬಂದದ್ದರಿಂದ ಒಂದು ನಿದರ್ಶನ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್770, ಎಸ್‌ಎನ್580 ಮಾದರಿಗಳ 2 ಟಿಬಿ ಆವೃತ್ತಿ ಹಾಕಿಕೊಂಡಿದ್ದ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಲ್ಲತೊಡಗಿದವು. ಮೇಲೆ ಹೇಳಿದ ಎಚ್‌ಎಂಬಿ ಎರವಲನ್ನು ಹೊಸ ವಿಂಡೋಸ್ ಹಿಂದಿಗಿಂತ ಹೆಚ್ಚಾಗಿ ಕೊಟ್ಟದ್ದೇ ಅದಕ್ಕೆ ಕಾರಣವಾಗಿತ್ತು. ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು, ಸಮಸ್ಯೆ ಬಗೆಹರಿಯಿತು. ಇದರಿಂದ ಆ ಮಾದರಿಗಳು ಕೆಟ್ಟವು ಎಂದಾಗುವುದಿಲ್ಲ. ಆದರೆ ತೊಂದರೆ ಬಂದಾಗ ಫರ್ಮ್‌ವೇರ್ ತಿದ್ದಿ ಕೊಡುವ, ಅದನ್ನು ಹಾಕಿಕೊಳ್ಳಲು ಒಂದು ತಂತ್ರಾಂಶ ಒದಗಿಸುವ ತಯಾರಕರಿಂದಲೇ ಏಕೆ ಕೊಳ್ಳಬೇಕು ಎಂಬುದಕ್ಕೆ ಇಷ್ಟು ಸಾಕು. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಕಿಯೋಕ್ಸಿಯಾ, ಸ್ಯಾನ್‌ಡಿಸ್ಕ್ ಇವು ಫ್ಲ್ಯಾಶ್ ಚಿಪ್‌ಗಳನ್ನೇ ತಯಾರಿಸುವ ಕಂಪನಿಗಳು. ಉಳಿದವರಲ್ಲಿ ಬಹುತೇಕರು ಚಿಪ್‌ಗಳನ್ನು ಕೊಂಡು ಜೋಡಿಸುತ್ತಾರೆ. ಅವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಅದೇ ಹೆಸರು, ಅದೇ ಡಬ್ಬಿ ಉಳಿಸಿಕೊಂಡು ಒಳಗಿನ ಫ್ಲ್ಯಾಶ್ ಅನ್ನೋ ಕಂಟ್ರೋಲರನ್ನೋ ಸದ್ದಿಲ್ಲದೆ ಬದಲಿಸುವ ಚಾಳಿ ಈ ಉದ್ಯಮದಲ್ಲಿ ಇದೆ. ದೊಡ್ಡ ಹೆಸರುಗಳೂ ಇದಕ್ಕೆ ಹೊರತಲ್ಲ. ಹಾಗಾಗಿ ವಿಮರ್ಶೆ ಓದುವಾಗ ಅದರ ದಿನಾಂಕವನ್ನು ನೋಡಿ, ಮತ್ತು ವಿವರಪತ್ರದಲ್ಲಿ ಟಿಎಲ್‌ಸಿ ಎಂದು ಸ್ಪಷ್ಟವಾಗಿ ಬರೆದಿರುವುದನ್ನು, ಫ್ಲ್ಯಾಶ್‌ನ ಸಾಮಾನ್ಯ ಹೆಸರಾದ 3ಡಿ ನ್ಯಾಂಡ್ ಎಂದಷ್ಟೇ ಬರೆದು ಕೈತೊಳೆದುಕೊಂಡದ್ದಕ್ಕಿಂತ ಮೇಲೆಂದು ಎಣಿಸಿ. ನಂಬಲಾರದಷ್ಟು ಅಗ್ಗಕ್ಕೆ 8 ಟಿಬಿ, 16 ಟಿಬಿ ಎಂದು ಮಾರುವವುಗಳ ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡ್ ಇದ್ದು, ಸಾಮರ್ಥ್ಯವನ್ನು ಸುಳ್ಳಾಗಿ ತೋರಿಸುವಂತೆ ಮಾಡಿರುತ್ತಾರೆ, ಅತ್ತ ಸುಳಿಯಲೇಬೇಡಿ.

ಹೀಗಾಗಿ ನಿಮ್ಮ ಬೋರ್ಡಿನಲ್ಲಿ ಎನ್‌ವಿಎಂಇ ಸ್ಲಾಟ್ ಇದ್ದರೆ 1 ಟಿಬಿಯ, ಟಿಎಲ್‌ಸಿ ಫ್ಲ್ಯಾಶ್‌ನ, ಐದು ವರ್ಷ ವಾರಂಟಿಯ ಜೆನ್ 3 ಅಥವಾ ಜೆನ್ 4 ಎಸ್‌ಎಸ್‌ಡಿಯಲ್ಲಿ ಯಾವುದು ಕಡಿಮೆ ಬೆಲೆಗೆ ಸಿಗುತ್ತದೋ ಅದನ್ನು ಕೊಳ್ಳಿ. ಇಲ್ಲದಿದ್ದರೆ ಅದೇ ಸಾಮರ್ಥ್ಯದ, ಡಿರ್‍ಯಾಮ್ ಇರುವ ಟಿಎಲ್‌ಸಿ ಸಾಟಾ ಎಸ್‌ಎಸ್‌ಡಿ. ಹಣ ಉಳಿದರೆ ರ್‍ಯಾಮ್ ಅನ್ನು 16 ಜಿಬಿಗೆ ಏರಿಸಿ. ಹತ್ತಾರು ಟ್ಯಾಬ್‌ಗಳ ನಡುವೆ ಪಾಠ ನೋಡುವ ಮಕ್ಕಳಿರುವ ಮನೆಯಲ್ಲಿ ಜೆನ್ 3ರಿಂದ ಜೆನ್ 4ಕ್ಕೆ ಹೋಗುವುದಕ್ಕಿಂತ ಅದರ ಪ್ರಯೋಜನ ಹೆಚ್ಚು.

ಹಾಕುವ ಮೊದಲು ಒಂದು ನಿರ್ಧಾರ ಉಳಿದಿದೆ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ಪೀಳಿಗೆ ಮತ್ತು ಎಎಂಡಿ ರೈಜನ್ 2000 ಸರಣಿಯಿಂದ ಈಚಿನ ಬಹುತೇಕ ಪ್ರೊಸೆಸರ್‌ಗಳನ್ನು. ಏಳು ವರ್ಷದ ಕಂಪ್ಯೂಟರ್ ಸರಿಯಾಗಿ ಈ ಗಡಿಯಲ್ಲಿ ನಿಂತಿರುತ್ತದೆ, ಅದರ ಪ್ರೊಸೆಸರ್ ಯಾವುದೆಂದು ನೋಡಿಕೊಳ್ಳಿ. ಗಡಿಯ ಆಚೆ ಉಳಿದರೆ ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಒಂದು ದಾರಿ, ಮತ್ತು ಅದು ಎಸ್‌ಎಸ್‌ಡಿಯ ಮೇಲೆ ಸೊಗಸಾಗಿ ಓಡುತ್ತದೆ. ಹಳೆಯ ಡಿಸ್ಕಿನಲ್ಲಿ ಇರುವುದನ್ನು ಇದ್ದ ಹಾಗೆಯೇ ಎಸ್‌ಎಸ್‌ಡಿಗೆ ನಕಲು ಮಾಡುವ ಕ್ಲೋನಿಂಗ್ ತಂತ್ರಾಂಶಗಳಿವೆ, ಹಲವು ತಯಾರಕರು ಅದನ್ನು ಉಚಿತವಾಗಿ ಕೊಡುತ್ತಾರೆ. ಏಳು ವರ್ಷಗಳ ಕಸ ತುಂಬಿದ ವ್ಯವಸ್ಥೆಯನ್ನು ಹೊಸ ಮನೆಗೆ ಹೊರುವುದಕ್ಕಿಂತ ಎಲ್ಲವನ್ನೂ ಹೊಸದಾಗಿ ಹಾಕಿಕೊಳ್ಳುವುದು ನನಗೆ ಹೆಚ್ಚು ಹಿಡಿಸುತ್ತದೆ.

ಎಂ.2 ಎಸ್‌ಎಸ್‌ಡಿಯನ್ನು ಸ್ಲಾಟಿಗೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಚಿನ್ನದ ಬಣ್ಣದ ಅಂಚು ಒಳಗೆ ಪೂರ್ತಿ ಕೂರುವವರೆಗೆ ತಳ್ಳಿ ಕೈಬಿಟ್ಟರೆ ಅದು ಓರೆಯಾಗಿಯೇ ನಿಂತಿರುತ್ತದೆ, ಅದು ತಪ್ಪಲ್ಲ. ಮೆಲ್ಲಗೆ ಒತ್ತಿ ಮಲಗಿಸಿ, ತುದಿಯಲ್ಲಿರುವ ಅರ್ಧಚಂದ್ರದ ಕಚ್ಚಿಗೆ ಸ್ಕ್ರೂ ಹಾಕಬೇಕು. ಆ ಸಣ್ಣ ಸ್ಕ್ರೂ ಮದರ್‌ಬೋರ್ಡಿನ ಡಬ್ಬಿಯಲ್ಲಿ ಬಂದಿರುತ್ತದೆ, ಏಳು ವರ್ಷದ ಮೇಲೆ ಅದು ಸಿಗುವುದು ಅದೃಷ್ಟ, ಸಿಗದಿದ್ದರೆ ಎಂ.2 ಸ್ಕ್ರೂ ಎಂದೇ ಕೇಳಿ ಕೊಳ್ಳಬಹುದು. ಬೋರ್ಡಿನ ಲೋಹದ ಪಟ್ಟಿಯ ಅಡಿಯಲ್ಲಿ ಮೆತ್ತನೆಯ ಪ್ಯಾಡ್ ಇದ್ದರೆ ಅದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಲಿದೇ ಮುಚ್ಚಿ.

ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡೂ ಜೋಡಣೆಯಾಗಿದ್ದರೆ ವಿಂಡೋಸ್ ತನ್ನ ಮುಖ್ಯ ಭಾಗವನ್ನು ಎಸ್‌ಎಸ್‌ಡಿಯಲ್ಲಿಟ್ಟು, ಶುರುವಾಗಲು ಬೇಕಾದ ಚಿಕ್ಕ ಭಾಗವನ್ನು ಹಾರ್ಡ್ ಡಿಸ್ಕಿನಲ್ಲಿ ಇರುವುದರೊಳಗೇ ಸೇರಿಸಿಬಿಡುವುದುಂಟು. ಮುಂದೆ ಹಾರ್ಡ್ ಡಿಸ್ಕ್ ಕೆಟ್ಟ ದಿನ ಸರಿಯಾಗಿರುವ ಎಸ್‌ಎಸ್‌ಡಿಯೂ ಶುರುವಾಗುವುದಿಲ್ಲ. ಹೊಸ ವ್ಯವಸ್ಥೆ ಎಸ್‌ಎಸ್‌ಡಿಯಿಂದಲೇ ಎರಡು ಮೂರು ಬಾರಿ ಸರಿಯಾಗಿ ಶುರುವಾದ ಮೇಲೆ ಹಾರ್ಡ್ ಡಿಸ್ಕನ್ನು ಮತ್ತೆ ಜೋಡಿಸಿ, ಬೇಕಾದ ಕಡತಗಳನ್ನು ಇತ್ತ ತಂದುಕೊಳ್ಳಿ. ಕೆಲವು ವಾರ ಅದನ್ನು ಹಾಗೆಯೇ ಬಿಡಿ, ಏನೋ ಒಂದು ಮರೆತಿರುತ್ತೀರಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ತಂತ್ರಾಂಶದಲ್ಲಿ ಅದರ ಆರೋಗ್ಯ ನೋಡಿ. ಒಳ್ಳೆಯದು ಎಂದು ತೋರಿಸಿದರೆ ಫಾರ್ಮ್ಯಾಟ್ ಮಾಡಿ ಫೋಟೊಗಳ ಎರಡನೆಯ ಪ್ರತಿಗೆ ಇಟ್ಟುಕೊಳ್ಳಬಹುದು. ರೀಅಲೊಕೇಟೆಡ್ ಸೆಕ್ಟರ್‌ಗಳ, ಅಂದರೆ ಕೆಟ್ಟು ಬದಲಿ ಜಾಗ ಪಡೆದ ಭಾಗಗಳ, ಎಣಿಕೆಯ ಎದುರು ಹಳದಿ ಗುರುತು ಕಂಡರೆ ಆ ಕೆಲಸಕ್ಕೆ ಬೇರೊಂದು ಡಿಸ್ಕನ್ನೇ ಕೊಳ್ಳಿ.